ಮುಂದಿನ ಗಾಲಿ, ಹಿಂದಿನ ಗಾಲಿ

ವಾರ್ಜೆಯಲ್ಲಿ ನಾನು ಗಾಡಿ ತೋರಿಸುವ ಗ್ಯಾರೇಜಿನ ಮಿಸ್ತ್ರಿ ಇಂಡಿ ತಾಲೂಕಿನವರು. ಪುಣೆಗೆ ಬಂದು ಇಪ್ಪತ್ತು ವರ್ಷದ ಮೇಲಾದರೂ ಕನ್ನಡದವರು ಬಂದರೆ ಪಾನಾ ಕೆಳಗಿಟ್ಟು ಎರಡು ಮಾತಾಡದೆ ಬಿಡುವುದಿಲ್ಲ. ಹೋದ ಫೆಬ್ರುವರಿಯಲ್ಲಿ ಅವರು ನನ್ನ ಕಾರಿನ ನಾಲ್ಕೂ ಗಾಲಿ ಬಿಚ್ಚಿ, ಹಳೆಯ ಮರಾಠಿ ಪೇಪರೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಬ್ರೇಕಿನ ಸಾಮಾನುಗಳನ್ನು ಸಾಲಾಗಿ ಇಟ್ಟರು. ಒಂದು ಕಡೆ ಮುಂದಿನ ಗಾಲಿಗಳ ಪ್ಯಾಡುಗಳು. ಸವೆದು ಸವೆದು ಉಜ್ಜುವ ಪದರವೇ ಹೋಗಿ, ಹಿಂದಿನ ಕಬ್ಬಿಣದ ತಗಡು ಕಾಣುತ್ತಿತ್ತು. ಇನ್ನೊಂದು ಕಡೆ ಹಿಂದಿನ ಗಾಲಿಗಳ ಶೂಗಳು. ಅವು ಇವತ್ತೇ ಅಂಗಡಿಯಿಂದ ತಂದ ಹಾಗಿದ್ದವು.

“ನೋಡ್ರಿ ಸರ, ಯಾರು ದುಡದಾರ, ಯಾರು ಕುಂತಾರ,” ಅಂದರು.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಒಂದು ವಾರದ ಹಿಂದೆ ಅದೇ ಕಾರಿನಲ್ಲಿ ಅವ್ವ, ತಮ್ಮ, ತಮ್ಮನ ಹೆಂಡತಿ, ನನ್ನ ಹೆಂಡತಿ ಎಲ್ಲರನ್ನೂ ಕೂರಿಸಿಕೊಂಡು ಅರಬೈಲು ಘಟ್ಟ ಇಳಿಯುವಾಗ ಬ್ರೇಕು ಕೈಕೊಟ್ಟಿತ್ತು.

ಅಪ್ಪ ತೀರಿಕೊಂಡು ವರ್ಷವಾಗಿತ್ತು. ವರ್ಷದ ಕಾರ್ಯವನ್ನು ಗೋಕರ್ಣದಲ್ಲಿ ಮಾಡಬೇಕೆಂಬುದು ಅವ್ವನ ಇಚ್ಛೆ. ಪುಣೆಯಿಂದ ರಾತ್ರಿ ಹೊರಟು ಬೆಳಿಗ್ಗೆ ಹುಬ್ಬಳ್ಳಿಯ ಮನೆ ಮುಟ್ಟಿ, ಸ್ನಾನ ಮುಗಿಸಿ, ಎಲ್ಲರೂ ಒಂದೇ ಕಾರಿನಲ್ಲಿ ಹೊರಟೆವು. ಡಿಕ್ಕಿಯಲ್ಲಿ ಪಾತ್ರೆ, ಬಟ್ಟೆ. ಎಳ್ಳು, ಅಕ್ಕಿಹಿಟ್ಟು, ದರ್ಭೆ ಇದ್ದ ಚೀಲವನ್ನು ಅವ್ವ ಡಿಕ್ಕಿಗೆ ಹಾಕಲು ಕೊಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಅಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಡ್ರೈವರ್. ಹುಬ್ಬಳ್ಳಿ–ಅಂಕೋಲಾ–ಕಾರವಾರ ದಾರಿ ಅವನಿಗೆ ಮನೆಯ ಪಡಸಾಲೆ ಇದ್ದಂತೆ. ಘಟ್ಟದ ಬಗ್ಗೆ ಅವನದು ಒಂದೇ ಪಾಠ: ಯಾವ ಗೇರಿನಲ್ಲಿ ಏರುತ್ತೀಯೋ ಅದೇ ಗೇರಿನಲ್ಲಿ ಇಳಿ. ಈ ಪಾಠವನ್ನು ತಮ್ಮ ಬಸ್ಸಿನ ಬಾನೆಟ್ಟಿನ ಮೇಲೆ ಕೂತು ಕಲಿತ. ನಾನು ಹದಿನೇಳಕ್ಕೇ ಊರು ಬಿಟ್ಟು, ಪುಣೆಯ ಡ್ರೈವಿಂಗ್ ಸ್ಕೂಲೊಂದರಲ್ಲಿ ಸಪಾಟು ರಸ್ತೆಯ ಮೇಲೆ ಇಪ್ಪತ್ತು ದಿನಗಳಲ್ಲಿ ಕಾರು ಕಲಿತವನು.

ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಮನೆಯ ಕಾಗದಪತ್ರದ ಮಾತು ಬಂತು. ಯಾಕೆ ಬಂತೋ, ಕಾರ್ಯಕ್ಕೆ ಹೊರಟ ದಿನ ಅದನ್ನು ಎತ್ತಬಾರದಿತ್ತು. ಅಪ್ಪನಿಗೆ ಲಕ್ವಾ ಹೊಡೆದು ಮೂರು ವರ್ಷ ಹಾಸಿಗೆಯಲ್ಲಿದ್ದಾಗ ನಾನು ತಪ್ಪದೆ ಪ್ರತಿ ತಿಂಗಳು ಹಣ ಕಳಿಸಿದ್ದೆ. ಅದರ ಲೆಕ್ಕ ನನ್ನ ಲ್ಯಾಪ್‌ಟಾಪಿನಲ್ಲಿ ತಾರೀಖು ಸಮೇತ ಇದೆ. “ನಾಲ್ಕು ಲಕ್ಷ ಎಂಬತ್ತಾರು ಸಾವಿರ ಕಳಿಸೀನಿ,” ಅಂದೆ. ತಮ್ಮ ಬಶಿಯಲ್ಲಿ ಚಹಾ ಆರಿಸುತ್ತಿದ್ದ. “ನಾ ಲೆಕ್ಕ ಬರದಿಟ್ಟಿಲ್ಲಣ್ಣ,” ಅಂದ, ಅಷ್ಟೇ. ಅವನದು ಮೊಬೈಲ್ ರಿಪೇರಿಯ ಸಣ್ಣ ಅಂಗಡಿ. ಆ ಮೂರು ವರ್ಷ ದಿನಾ ಮಧ್ಯಾಹ್ನ ಶಟರ್ ಎಳೆದು ಮನೆಗೆ ಬಂದು, ಬೆನ್ನು ಹುಣ್ಣಾಗದಂತೆ ಅಪ್ಪನನ್ನು ಮಗ್ಗುಲು ಬದಲಿಸಿ ಮಲಗಿಸಿ ಹೋಗುತ್ತಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಆ ಮಾತಿನಿಂದ ನನಗೆ ಸಿಟ್ಟೇ ಬಂತು.

ಸಿಟ್ಟಿನಲ್ಲಿ ಗಾಡಿ ಹೊಡೆಯುವವನು ಜೋರಾಗಿ ಹೊಡೆಯುತ್ತಾನೆ ಅಂತಾರೆ. ನಾನು ಹಾಗೆ ಮಾಡಲಿಲ್ಲ. ಘಟ್ಟ ಶುರುವಾದಾಗ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟು, ಮಾತಿಲ್ಲದೆ ಇಳಿಯುತ್ತಾ ಹೋದೆ. ಪೆಟ್ರೋಲು ಉಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ಎಷ್ಟೋ ವರ್ಷದಿಂದ ನಂಬಿದ್ದೆ. ಅದೂ ಸುಳ್ಳು. ಈಗಿನ ಎಂಜಿನ್ನುಗಳು ಗೇರಿನಲ್ಲಿದ್ದು ಇಳಿಜಾರಿನಲ್ಲಿ ಉರುಳುವಾಗ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತವೆ. ನ್ಯೂಟ್ರಲ್‌ನಲ್ಲಿದ್ದರೆ ಎಂಜಿನ್ನು ಆರದಿರಲು ಕುಡಿಯುತ್ತಲೇ ಇರಬೇಕು.

ಮುಂದೆ ಅದಿರಿನದೋ ಕಲ್ಲಿನದೋ ಲಾರಿಗಳ ಸಾಲು. ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಒಂದು ಸುಟ್ಟ ವಾಸನೆ. ಲಾರಿಯದಿರಬೇಕು ಅಂದುಕೊಂಡೆ. ಮುಂದಿನ ತಿರುವಿಗೆ ಪೆಡಲ್ ಒತ್ತಿದರೆ ಹಸಿ ಮಣ್ಣಿನಲ್ಲಿ ಕಾಲಿಟ್ಟಂತೆ ಸುಮ್ಮನೆ ಕೆಳಗೆ ಹೋಯಿತು. ಕಾರು ನಿಧಾನವಾಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ. ಟಕಟಕ ಎನ್ನುತ್ತ ಮೇಲೆ ಬಂತು, ಬಂದೇ ಬಂತು, ಎದೆಯ ಮಟ್ಟಕ್ಕೆ ಬಂದರೂ ಏನೂ ಆಗಲಿಲ್ಲ.

“ಅಣ್ಣಾ, ಗೇರಿಗೆ ಹಾಕು. ಮೂರು. ಮೂರಕ್ಕ ಹಾಕು.”

ಎಡಕ್ಕೆ ಕೂತಿದ್ದ ತಮ್ಮ ಕೂಗಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದ. ಹಾಕಿದೆ. ಎಂಜಿನ್ನು ಗೋಳೋ ಎಂದಿತು, ಕಾರು ಹಿಂದಕ್ಕೆ ಎಳೆದಂತಾಯಿತು. “ಈಗ ಎರಡು.” ಹಾಕಿದೆ. “ಬಲಕ್ಕ ಹೋಗಬ್ಯಾಡ, ಕಣಿವಿ ಐತಿ. ಗುಡ್ಡದ ಕಡೆ ಗಟಾರಕ್ಕ ಇಳಿಸು.” ಗುಡ್ಡದ ಮಗ್ಗುಲಿಗೆ ಒರಸುತ್ತ, ಎಡಗಡೆಯ ಕನ್ನಡಿ ಮುರಿದುಕೊಂಡು, ಕಾರು ಕಲ್ಲಿಗೆ ತಾಗಿ ನಿಂತಿತು. ಮುಂದಿನ ಎರಡೂ ಗಾಲಿಗಳಿಂದ ಹೊಗೆ. ಅವ್ವ ಚೀಲವನ್ನು ಅವಚಿಕೊಂಡು ಕೂತಿದ್ದಳು. ಒಂದು ಕಾಳು ಎಳ್ಳೂ ಚೆಲ್ಲಿರಲಿಲ್ಲ.

ಮುಕ್ಕಾಲು ತಾಸು ಆರಲು ಬಿಟ್ಟ ಮೇಲೆ ಪೆಡಲ್ ತಾನಾಗಿ ಗಟ್ಟಿಯಾಯಿತು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ತಮ್ಮ ಸ್ಟೀರಿಂಗ್ ಹಿಡಿದು, ಒಂದನೇ ಎರಡನೇ ಗೇರಿನಲ್ಲೇ ಕೆಳಗಿಳಿಸಿ ಅಂಕೋಲಾ ಮುಟ್ಟಿಸಿದ. ಅಲ್ಲಿ ಬ್ರೇಕ್ ಆಯಿಲ್ ತೆಗೆದರೆ ಡಿಕಾಕ್ಷನ್ನಿನಷ್ಟು ಕಪ್ಪು. ಬದಲಿಸಿದರು, ಗಾಳಿ ತೆಗೆದರು, “ಊರಿಗೆ ಹೋಗಿ ನಾಲ್ಕೂ ಗಾಲಿ ಬಿಚ್ಚಿ ನೋಡಿಸಿ” ಅಂದರು.

ಪುಣೆಗೆ ಬಂದ ಮೇಲೆ ಒಂದು ವಾರ ನಿದ್ದೆಗೆಟ್ಟು ಬ್ರೇಕಿನ ಬಗ್ಗೆ ಓದಿದೆ. ಓದಿದ್ದನ್ನು ಮಿಸ್ತ್ರಿಯ ಮುಂದಿಟ್ಟೆ, ಅವರು ಅದರಲ್ಲಿ ಅರ್ಧವನ್ನು ತಿದ್ದಿದರು.

ಚಿಕ್ಕವನಿದ್ದಾಗ ಸೈಕಲ್ ಕಲಿಯುವಾಗ ಎಲ್ಲರಿಗೂ ಒಂದು ಎಚ್ಚರಿಕೆ ಸಿಕ್ಕಿರುತ್ತದೆ: ಮುಂದಿನ ಬ್ರೇಕ್ ಹಿಡಿಯಬೇಡ, ಪಲ್ಟಿ ಹೊಡೆಯುತ್ತೀ. ಹಾಗಾಗಿ ನಿಲ್ಲಿಸುವ ಕೆಲಸ ಹಿಂದಿನ ಗಾಲಿಯದು ಎಂದೇ ನಾನು ನಂಬಿದ್ದೆ. ಕಾರಿನ ಸಂಗತಿ ತಿರುವುಮುರುವು. ಬ್ರೇಕ್ ಒತ್ತಿದೊಡನೆ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುವಂತೆ ಕಾರಿನ ಭಾರವೂ ಮುಂದಕ್ಕೆ ವಾಲುತ್ತದೆ. ಮೂತಿ ತಗ್ಗುತ್ತದೆ, ಹಿಂಭಾಗ ಹಗುರಾಗುತ್ತದೆ. ಡ್ರೈವರನೂ ಸೇರಿ 1000 ಕಿಲೋ ತೂಗುವ ಸಣ್ಣ ಕಾರು ಎಂದಿಟ್ಟುಕೊಳ್ಳಿ. ಎಂಜಿನ್ನು ಮುಂದಿರುವುದರಿಂದ ನಿಂತಾಗಲೇ ಸುಮಾರು 600 ಕಿಲೋ ಮುಂದಿನ ಗಾಲಿಗಳ ಮೇಲೆ, 400 ಹಿಂದಿನವುಗಳ ಮೇಲೆ. ಜೋರಾಗಿ ಬ್ರೇಕ್ ಹಾಕಿದಾಗ ಇನ್ನೂ 160 ಕಿಲೋದಷ್ಟು ಹಿಂದಿನಿಂದ ಮುಂದಕ್ಕೆ ದಾಟಿಕೊಳ್ಳುತ್ತದೆ. ಮುಂದೆ 760, ಹಿಂದೆ 240. ರಸ್ತೆಯನ್ನು ಕಚ್ಚಿ ಹಿಡಿಯುವ ಶಕ್ತಿ ಗಾಲಿಯ ಮೇಲಿನ ಭಾರಕ್ಕೆ ತಕ್ಕಷ್ಟೇ. ಆದ್ದರಿಂದ ನಿಲ್ಲಿಸುವ ಕೆಲಸದ ಮುಕ್ಕಾಲು ಪಾಲು ಮುಂದಿನವುಗಳದು. ಅದಕ್ಕೇ ಅಲ್ಲಿ ಗಾಳಿಗೆ ತೆರೆದುಕೊಂಡು ಬೇಗ ತಣಿಯುವ ಡಿಸ್ಕು, ಹಿಂದೆ ಮುಚ್ಚಿದ ಡ್ರಮ್ಮು.

ಅಪ್ಪನ ಬಸ್ಸಿನ ಲೆಕ್ಕ ಬೇರೆ. ಆಗಿನ ಎರಡು ಆಕ್ಸಲಿನ ದೊಡ್ಡ ಗಾಡಿಗೆ ಕಾನೂನು ಬಿಡುತ್ತಿದ್ದ ತೂಕ 16.2 ಟನ್. ಅದರಲ್ಲಿ ಮುಂದಿನ ಆಕ್ಸಲಿಗೆ 6, ಜೋಡಿ ಟೈರಿನ ಹಿಂದಿನ ಆಕ್ಸಲಿಗೆ 10.2. ತುಂಬಿದ ಬಸ್ಸಿನಲ್ಲಿ ಹಿಂದಿನವೂ ಭಾರಿ ದುಡಿಮೆಗಾರರೇ.

ಹಾಗಾದರೆ ಕಾರಿನಲ್ಲಿ ಹಿಂದಿನ ಕಾಲು ಪಾಲನ್ನು ಹೆಚ್ಚಿಸಿದರಾಯಿತಲ್ಲ ಎಂದರೆ, ಅದೂ ಅಪಾಯ. ಮುಂದಿನ ಗಾಲಿ ಮೊದಲು ಕಚ್ಚಿ ನಿಂತುಬಿಟ್ಟರೆ ಕಾರು ಸ್ಟೀರಿಂಗಿನ ಮಾತು ಕೇಳುವುದಿಲ್ಲ, ಆದರೆ ನೇರವಾಗಿಯೇ ಜಾರುತ್ತದೆ. ಹಿಂದಿನವು ಮೊದಲು ನಿಂತರೆ ಬಾಲ ಮುಂದೆ ಬಂದು ಕಾರು ಗಿರಕಿ ಹೊಡೆಯುತ್ತದೆ. ಆದ್ದರಿಂದ ಹಿಂದಿನ ಗಾಲಿಗೆ ಹೋಗುವ ಆಯಿಲಿನ ಒತ್ತಡವನ್ನು ಒಂದು ವಾಲ್ವು ತಡೆದು ತಡೆದು ಬಿಡುತ್ತದೆ. ನನ್ನದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ 2016ರ ಗಾಡಿ, ಅಂಥ ವಾಲ್ವಿನದು. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ ಮೇಲೆ ಈ ಪಾಲುಪಟ್ಟಿಯನ್ನು ಕಂಪ್ಯೂಟರೇ ಮಾಡುತ್ತದೆ. ಡಿಕ್ಕಿ ತುಂಬಿದ್ದರೆ ಹಿಂದಕ್ಕೆ ಹೆಚ್ಚು, ಖಾಲಿಯಿದ್ದರೆ ಕಡಿಮೆ.

ಇದನ್ನೆಲ್ಲ ನಾನು ಹುಮ್ಮಸ್ಸಿನಿಂದ ಒಪ್ಪಿಸಿ, “ಅಂದ್ರ ಹಿಂದಿನವು ಹೊಸಾದಾಗೇ ಉಳಿಯೋದು ಸಹಜ ಅಲ್ರಿ?” ಅಂದೆ.

ಮಿಸ್ತ್ರಿ ಮಾತಾಡದೆ ಹಿಂದಿನ ಡ್ರಮ್ಮನ್ನು ಎತ್ತಿ ಬೆಳಕಿಗೆ ಹಿಡಿದರು. ಶೂ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯಬೇಕಾದ ಒಳಗೋಡೆ. ಅಲ್ಲಿ ಕೆಂಪು ತುಕ್ಕು.

“ಕಡಿಮಿ ದುಡಿಯೋದು ಬ್ಯಾರೆ ಸರ. ಇವು ಮುಟ್ಟೇ ಇಲ್ಲ.”

ಶೂ ಸವೆದಂತೆ ಅದನ್ನು ಡ್ರಮ್ಮಿನ ಹತ್ತಿರಕ್ಕೆ ತಾನಾಗಿ ಸರಿಸುವ ಒಂದು ಪುಟ್ಟ ಅಡ್ಜಸ್ಟರ್ ಇರುತ್ತದೆ. ಎರಡೂ ಕಡೆ ಅದು ಧೂಳು ತಿಂದು ಜಾಮ್ ಆಗಿತ್ತು. ಪೆಡಲ್ ಒತ್ತಿದಾಗ ಶೂ ಹೊರಡುತ್ತಿತ್ತು, ಗೋಡೆ ಮುಟ್ಟುವ ಮೊದಲೇ ವಾಪಸಾಗುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆಯುವುದೂ ಅದೇ ಶೂಗಳನ್ನು. ಹಾಗಾಗಿ ಅದು ಎದೆಮಟ್ಟ ಬಂದರೂ ಹಿಡಿಯಲಿಲ್ಲ. ಎಷ್ಟು ತಿಂಗಳಿಂದ ಹೀಗಿತ್ತೋ. ಪೇಟೆಯಲ್ಲಿ ನಾನೊಬ್ಬನೇ ಓಡಾಡುವಾಗ ಮುಂದಿನ ಎರಡೇ ಇಡೀ ಕೆಲಸ ಮಾಡಿದ್ದವು, ನನಗೆ ಗೊತ್ತಾಗಲೇ ಇಲ್ಲ. ಸರ್ವಿಸಿನ ಬಿಲ್ಲಿನಲ್ಲಿ ಪ್ರತಿ ಸಲ ‘ಬ್ರೇಕ್ ಚೆಕ್’ ಎಂಬ ಸಾಲಿನ ಮುಂದೆ ಸರಿ ಗುರುತು.

ಆ ದಿನದ ಲೆಕ್ಕವನ್ನೂ ಮಾಡಿದೆ. ಐದು ಜನ, ಸಾಮಾನು ಎಲ್ಲ ಸೇರಿ 1350 ಕಿಲೋ. ಇಳಿದದ್ದು ಬರೀ 300 ಮೀಟರ್ ಎಂದು ಹಿಡಿದರೂ, ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಹುಟ್ಟುವ ಶಾಖ ಹದಿಮೂರು ಲೀಟರ್ ತಣ್ಣೀರನ್ನು ಕುದಿಸಬಲ್ಲದು. ನಮ್ಮ ಬಚ್ಚಲಿನ ಹಂಡೆಯ ಅರ್ಧ. ಗೇರಿನಲ್ಲಿದ್ದಿದ್ದರೆ ಎಂಜಿನ್ನು ಅದರಲ್ಲಿ ದೊಡ್ಡ ಪಾಲು ಹೊರುತ್ತಿತ್ತು. ನ್ಯೂಟ್ರಲ್‌ನಲ್ಲಿ, ಗಾಳಿ ಟೈರು ತಿಂದದ್ದು ಬಿಟ್ಟರೆ ಉಳಿದದ್ದೆಲ್ಲ ಮುಂದಿನ ಎರಡು ಡಿಸ್ಕಿಗೆ. ಹೊಸ ಡಾಟ್ 4 ಆಯಿಲ್ 230 ಡಿಗ್ರಿಯವರೆಗಾದರೂ ಕುದಿಯುವುದಿಲ್ಲ. ಆದರೆ ಅದು ಗಾಳಿಯಲ್ಲಿನ ತೇವವನ್ನು ಹೀರುತ್ತಲೇ ಇರುವ ಜಾತಿ. ನೀರು ಕುಡಿದ ಹಳೆಯ ಆಯಿಲ್ 155 ಡಿಗ್ರಿಗೂ ಕುದಿಯಬಹುದು. ಕುದಿದರೆ ಆವಿಯ ಗುಳ್ಳೆ. ಗುಳ್ಳೆಯನ್ನು ಒತ್ತಿದರೆ ಅದು ಅಮುಕಿಕೊಳ್ಳುತ್ತದೆ, ಬ್ರೇಕನ್ನು ಒತ್ತುವುದಿಲ್ಲ. ತಣಿದ ಮೇಲೆ ಆವಿ ಮತ್ತೆ ಆಯಿಲಾಗುತ್ತದೆ, ಏನೂ ಆಗೇ ಇಲ್ಲವೆಂಬಂತೆ ಪೆಡಲ್ ಗಟ್ಟಿಯಾಗುತ್ತದೆ.

“ಇನ್ನೊಂದು ಮಾತು ಸರ,” ಅಂದರು ಮಿಸ್ತ್ರಿ. “ನೀವು ಒಬ್ಬರ ಇದ್ದಾಗ ಹಿಂದಿನವು ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ ಅನಸ್ತೈತಿ. ಅವತ್ತ ಹಿಂದ ಮೂರು ಮಂದಿ, ಡಿಕ್ಕಿ ತುಂಬಿತ್ತು. ಅವುಗಳಿಗೆ ಹಿಡಿಯೋ ತಾಕತ್ತು ಬಂದಿದ್ದ ದಿನಾನ ಅದು.”

ಕಾರಿಗೂ ಮನುಷ್ಯರಿಗೂ ಹೋಲಿಕೆ ಹಚ್ಚುವುದು ನನಗೆ ಹಿಡಿಸುವುದಿಲ್ಲ. ಆದರೂ ಪೇಪರಿನ ಮೇಲಿದ್ದ ಆ ಸಾಮಾನುಗಳನ್ನು ನೋಡುತ್ತ ನಿಂತಾಗ ಬೇರೆ ಏನೂ ತೋಚಲಿಲ್ಲ. ದೂರ ಇರುವವನ ಪಾಲು ಕಡಿಮೆಯೇ ಇರುತ್ತದೆ, ಅದು ಸಹಜ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೆ. ಆ ಮೂರು ವರ್ಷದಲ್ಲಿ ಊರಿಗೆ ಹೋದದ್ದು ಐದು ಸಲ. ಹೋದಾಗಲೂ ಅಪ್ಪನನ್ನು ಮಗ್ಗುಲು ಹೊರಳಿಸಿದ್ದು ಒಮ್ಮೆಯೂ ನಾನಲ್ಲ. “ನಿನಗ ರೂಢಿ ಇಲ್ಲ, ಬಿಡಣ್ಣ,” ಅನ್ನುತ್ತಿದ್ದ ತಮ್ಮ, ನಾನು ಬಿಡುತ್ತಿದ್ದೆ. ನನ್ನ ಲೆಕ್ಕದ ಹಾಳೆಯಲ್ಲಿ ಇದಕ್ಕೆ ಅಂಕಣವಿರಲಿಲ್ಲ.

ಸಂಜೆಯ ಹೊತ್ತಿಗೆ ಹೊಸ ಪ್ಯಾಡು, ಕೆತ್ತಿ ನುಣುಪು ಮಾಡಿದ ಡ್ರಮ್ಮು, ಬಿಡಿಸಿ ಗ್ರೀಸು ಹಚ್ಚಿದ ಅಡ್ಜಸ್ಟರು. ಟ್ರಯಲ್ ನೋಡಲು ಮಿಸ್ತ್ರಿ ನನ್ನನ್ನು ಕಾತ್ರಜ್ ಸುರಂಗದ ಆಚೆ ಕರೆದೊಯ್ದು, ಅಲ್ಲಿಂದ ನವಲೆ ಸೇತುವೆಯ ಕಡೆಗಿನ ಇಳಿಜಾರಿನಲ್ಲಿ ಗಾಡಿ ನನ್ನ ಕೈಗೆ ಕೊಟ್ಟರು. ಪುಣೆಯವರಿಗೆಲ್ಲ ಗೊತ್ತಿರುವ ಜಾಗ. ನ್ಯೂಟ್ರಲ್‌ನಲ್ಲಿ ಉರುಳಿ ಬರುವ ಲಾರಿಗಳು ಅಲ್ಲಿ ಎಷ್ಟು ಜನರನ್ನು ನುಂಗಿವೆಯೋ. ಮೂರನೇ ಗೇರಿನಲ್ಲಿ ಇಳಿದೆ. ಬ್ರೇಕ್ ಒತ್ತಿದಾಗ ಮೂತಿ ಮೊದಲಿನಂತೆ ನೆಲಕ್ಕೆ ಕುಕ್ಕರಿಸಲಿಲ್ಲ. ಕಾರು ಇಡಿಯಾಗಿ ನೆಲಕ್ಕೆ ಕೂತಂತೆ ನಿಂತಿತು. ಎರಡು ವರ್ಷದಿಂದ ಓಡಿಸುತ್ತಿದ್ದ ಗಾಡಿ, ಅದು ನಿಲ್ಲುವ ರೀತಿಯೇ ನನಗೆ ಗೊತ್ತಿರಲಿಲ್ಲ.

ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ತುಕ್ಕಿನ ವಿಷಯ, ಅಡ್ಜಸ್ಟರಿನ ವಿಷಯ ಎಲ್ಲ ಹೇಳಿದೆ. ಮನೆಯ ಕಾಗದ ಅವನ ಹೆಸರಿಗೇ ಆಗಲಿ ಎಂದೂ ಹೇಳಬೇಕೆಂದಿದ್ದೆ, ಅವನು ಅಲ್ಲಿಗೆ ಬರಗೊಡಲಿಲ್ಲ.

“ಹ್ಯಾಂಡ್‌ಬ್ರೇಕ್ ಈಗ ಎಷ್ಟು ಟಕ್ಕಿಗೆ ಹಿಡೀತೈತಿ?”

“ಆರು.”

“ಹಂಗಾದ್ರ ಬರೋಬ್ಬರಿ ಐತಿ,” ಅಂದ. ಆಮೇಲೆ, “ಅವ್ವನ ಕಣ್ಣಿನ ಆಪರೇಷನ್ ಮಾರ್ಚ್ ಹದಿನೆಂಟಕ್ಕ ಅಂದಾರ. ನಾಲ್ಕು ದಿನ ಜೋಡಿ ಇರಬೇಕಾಗ್ತೈತಿ. ನನಗ ಅಂಗಡಿ…”

“ನಾ ಬರ್ತೀನಿ,” ಅಂದೆ. ಯಾವ ಹನಿ ಎಷ್ಟು ಗಂಟೆಗೊಮ್ಮೆ ಹಾಕಬೇಕು ಎಂದು ಅವನು ಹೇಳತೊಡಗಿದ. ನಾನು ಪೆನ್ನು ಹುಡುಕಿ ಬರೆದುಕೊಂಡೆ.