ಬೆಳಕೂ ಬೇಕು, ಮರೆಯೂ ಬೇಕು

ನಮ್ಮ ಮುಂಬಯಿಯ ಮನೆಯ ಬಚ್ಚಲಿಗೆ ಕಿಟಕಿಯಿಲ್ಲ. ನಡುಮನೆಯಿಂದ ಬಾಗಿಲ ಗಾಜಿನ ಮೂಲಕ ಬಂದಷ್ಟೇ ಬೆಳಕು. 82ರ ನಮ್ಮ ತಾಯಿಯವರಿಗೆ ಮರೆಯೂ ಬೇಕು. ಒಳಗೆ ಜಾರಿ ಬಿದ್ದರೆ ನೆರಳಿನಿಂದಲಾದರೂ ನಮಗೆ ತಿಳಿಯಲೂ ಬೇಕು. ಇದಕ್ಕೆ ಮಬ್ಬುಗಾಜೇ ಸರಿ.

ಆದರೆ ಮರಳನ್ನು ರಭಸದಿಂದ ಊದಿ ಮಬ್ಬಾಗಿಸಿದ ಗಾಜಿಗೆ ಒಂದು ಗುಣವುಂಟು. ಅದರ ಒರಟು ಮೈ ನೆನೆದರೆ ನೀರು ಸಣ್ಣ ತಗ್ಗುಗಳನ್ನು ತುಂಬುತ್ತದೆ, ಬೆಳಕು ಚದುರದೆ ಹಾಯುತ್ತದೆ, ಮರೆಯೆಂಬುದೇ ಮಾಯ! ಆದ್ದರಿಂದ ನುಣುಪು ಮೈ ಬಚ್ಚಲಿಗೆ, ಒರಟು ಮೈ ಹೊರಕ್ಕೆ.

ಗಾಜು ಟಫನ್ಡ್ ಆಗಿರಲಿ. ಒಡೆದರೂ ಅದು ಕತ್ತಿಯಂತಹ ಚೂರಾಗದೆ ಕಲ್ಲುಸಕ್ಕರೆಯಂತೆ ಉದುರುತ್ತದೆ. ಹದಗೊಳಿಸಿದ ಮೇಲೆ ಅದನ್ನು ಕತ್ತರಿಸಲು ಬಾರದು. ಅಳತೆ ಮೊದಲೇ ಸರಿಯಿರಬೇಕು.

ಹೂಬಳ್ಳಿಯ ಮಾತು ಆಮೇಲೆ. ಹಿರಿಯರ ಮಾನ, ಪ್ರಾಣ ಎರಡನ್ನೂ ಕಾಯುವ ಗಾಜೇ ಚೆಂದದ ಗಾಜು, ಅಲ್ಲವೆ?