ಅಳಿದ ಕ್ಷೇತ್ರ, ಉಳಿದ ಮತದಾರ

ರಾಜ್ಯಗಳು ಅಳಿದುದನ್ನೂ ರಾಜಧಾನಿಗಳು ಹಾಳುಬಿದ್ದುದನ್ನೂ ಇತಿಹಾಸಕಾರರು ವಿಸ್ತಾರವಾಗಿ ಬರೆದಿರುತ್ತಾರೆ. ಆದರೆ ಒಂದು ಚುನಾವಣಾ ಕ್ಷೇತ್ರವು ಹುಟ್ಟಿ, ಸುಮಾರು ಹತ್ತು ವರ್ಷ ಬಾಳಿ, ಸದ್ದಿಲ್ಲದೆ ಅಳಿದುಹೋದರೆ ಅದನ್ನು ನೆನೆಯತಕ್ಕವರು ವಿರಳ. ನಮ್ಮ ತೆಂಗಿನ ಸೀಮೆಯಲ್ಲಿ ಅಂತಹದೊಂದು ಕ್ಷೇತ್ರವಿದ್ದಿತು. ತಿಪಟೂರು ಲೋಕಸಭಾ ಕ್ಷೇತ್ರವೆಂದು ಅದರ ಹೆಸರು. ಶೆಟ್ಟಿಕೆರೆಯವನಾದ ನಾನು ಅದನ್ನು ಕಣ್ಣಾರೆ ಕಂಡವನಲ್ಲ. ನಾನು ಮಾತು ಕಲಿಯುವಷ್ಟರಲ್ಲಿಯೇ ಅದು ಇಲ್ಲವಾಗುತ್ತಿದ್ದಿತು. ಹಿರಿಯರ ಬಾಯಿಂದ ಕೇಳಿದುದನ್ನೂ ದಾಖಲೆಗಳಲ್ಲಿ ಓದಿದುದನ್ನೂ ಇಲ್ಲಿ ವಾಚಕರ ಮುಂದಿಡುತ್ತೇನೆ.

1952ರ ಮೊದಲನೆಯ ಮಹಾಚುನಾವಣೆಯಲ್ಲಿ ತಿಪಟೂರಿನ ಹೆಸರಿನ ಕ್ಷೇತ್ರವಿರಲಿಲ್ಲ. ತುಮಕೂರು ಕ್ಷೇತ್ರದಿಂದ ಕಾಂಗ್ರೆಸ್ಸಿನ ಸಿ. ಆರ್. ಬಸಪ್ಪನವರು ಆಯ್ಕೆಯಾದರು. 1956ನೆಯ ನವೆಂಬರ್ 1ರಂದು ಕನ್ನಡನಾಡಿನ ಭಾಗಗಳು ಕೂಡಿ ಮೈಸೂರು ರಾಜ್ಯವು ವಿಸ್ತಾರಗೊಂಡಿತು. ಮರುವರ್ಷದ ಚುನಾವಣೆಯಲ್ಲಿ ರಾಜ್ಯಕ್ಕೆ 26 ಸ್ಥಾನಗಳು. ಅವುಗಳಲ್ಲಿ ತಿಪಟೂರೂ ಒಂದು. 1957ರಲ್ಲಿಯೂ 1962ರಲ್ಲಿಯೂ ಬಸಪ್ಪನವರೇ ಇಲ್ಲಿಂದ ದೆಹಲಿಗೆ ಹೋದರು. ಅನಂತರ ಹೊಸ ಜನಗಣತಿಯ ಆಧಾರದ ಮೇಲೆ ಎಲ್ಲೆಗಳನ್ನು ಮತ್ತೆ ಬರೆದರು. 1967ರಲ್ಲಿ ರಾಜ್ಯದ ಸ್ಥಾನಗಳು 27ಕ್ಕೆ ಏರಿದುವು. ಆದರೆ ಪಟ್ಟಿಯಲ್ಲಿ ತಿಪಟೂರಿನ ಹೆಸರು ಮಾತ್ರ ಇರಲಿಲ್ಲ. ಎರಡು ಚುನಾವಣೆ, ಒಬ್ಬರೇ ಸದಸ್ಯರು, ಒಂದೇ ಪಕ್ಷ. ಕ್ಷೇತ್ರದ ಚರಿತ್ರೆಯೆಲ್ಲ ಇಷ್ಟೇ.

ಆ ಕಾಲದ ಮತದಾನದ ಕ್ರಮವನ್ನು ನಮ್ಮ ತಂದೆಯವರು ಆಗಾಗ ವರ್ಣಿಸುತ್ತಿದ್ದರು. 1957ರಲ್ಲಿ ಅಭ್ಯರ್ಥಿಗೊಂದರಂತೆ ಪೆಟ್ಟಿಗೆಗಳನ್ನಿಟ್ಟು, ಮೇಲೆ ಅವರವರ ಚಿಹ್ನೆಯನ್ನು ಅಂಟಿಸಿರುತ್ತಿದ್ದರು. ಮತದಾರನು ತನಗೆ ಕೊಟ್ಟ ಚೀಟಿಯನ್ನು ಬೇಕಾದ ಪೆಟ್ಟಿಗೆಯೊಳಗೆ ಹಾಕಿದರೆ ಮುಗಿಯಿತು. 1962ಕ್ಕೆ ಚೀಟಿಯ ಮೇಲೆಯೇ ಗುರುತು ಮಾಡುವ ಪದ್ಧತಿಯು ಬಂದಿತು. ಆ ಚುನಾವಣೆಯಲ್ಲಿ ಬೆರಳಿಗೆ ಹಚ್ಚಿದ ಅಳಿಸಲಾಗದ ಮಸಿಯು ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದುದೆಂಬುದನ್ನು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರಂತೆ.

ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ತರಗತಿಯಲ್ಲಿ ಈ ಸಂಗತಿಯನ್ನು ಹೇಳಿದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಕ್ಷೇತ್ರ ಹೋದರೆ ಅಲ್ಲಿ ಓಟು ಹಾಕಿದ ಜನ ಏನಾದ್ರು?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಪ್ರಶ್ನೆಯು ವಿಚಾರಯೋಗ್ಯವಾದುದು.

ಜನರು ತುಮಕೂರು ಮೊದಲಾದ ನೆರೆಯ ಕ್ಷೇತ್ರಗಳಿಗೆ ಸೇರಿಹೋದರು. ಇದರಿಂದ ನಮ್ಮ ದನಿಯು ಕುಗ್ಗಿತೆಂದು ಕೆಲವರ ಕೊರಗು. ಈ ಕೊರಗು ನಿರಾಧಾರವಾದುದಲ್ಲ. ನಮ್ಮದು ಬಹುಮಟ್ಟಿಗೆ ಒಂದೇ ಬೆಳೆಯ ನಾಡು. ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿರಿಸಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೂ ಕಾದು, ತಿಪಟೂರಿನ ಮಾರುಕಟ್ಟೆಗೆ ಒಯ್ದರೆ ಮನೆಯ ಖರ್ಚಿಗೂ ಮಗಳ ಮದುವೆಗೂ ಮಗನ ಓದಿಗೂ ಅದೇ ಆಧಾರ. ಆ ಕೊಬ್ಬರಿಗೆ ಬೆಂಬಲ ಬೆಲೆಯನ್ನು ನಿಗದಿಮಾಡತಕ್ಕದ್ದು ಕೇಂದ್ರ ಸರ್ಕಾರ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಎಂದು ಗೊತ್ತುಮಾಡಿದುದು ದೆಹಲಿಯಲ್ಲಿ. ಹೀಗಿರುವಾಗ ಅಲ್ಲಿ ನಮ್ಮ ಪರವಾಗಿ ಮಾತನಾಡುವವರು ಯಾರೆಂಬುದು ಅಡಿಗೆಮನೆಯವರೆಗೂ ಮುಟ್ಟುವ ವಿಷಯವೇ ಸರಿ.

ಆದರೆ ಮತ್ತೊಂದು ಪಕ್ಷವನ್ನೂ ನೋಡಬೇಕು. ನಮ್ಮ ಹೆಸರಿನ ಕ್ಷೇತ್ರವಿದ್ದಾಗ ಫಲಿತಾಂಶವು ಒಮ್ಮೆಯೂ ಬದಲಾಗಲಿಲ್ಲ. ತುಮಕೂರಿನಲ್ಲಾದರೋ 1967ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಕೆ. ಲಕ್ಕಪ್ಪನವರು ಗೆದ್ದರು, 1991ರಲ್ಲಿ ಭಾರತೀಯ ಜನತಾ ಪಕ್ಷದ ಎಸ್. ಮಲ್ಲಿಕಾರ್ಜುನಯ್ಯನವರು, 1996ರಲ್ಲಿ ಜನತಾದಳದ ಸಿ. ಎನ್. ಭಾಸ್ಕರಪ್ಪನವರು ಗೆದ್ದರು. 2019ರಲ್ಲಿ ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರೂ ಇಲ್ಲಿ ಸೋಲನ್ನು ಕಂಡರು. 2008ರಲ್ಲಿ ಜಾರಿಗೆ ಬಂದ ವಿಂಗಡಣೆಯಂತೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ಮೂರೂ ತುಮಕೂರು ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಸೇರಿದುವು. ಅಲ್ಲಿ ಕೊಬ್ಬರಿಯ ಮಾತೆತ್ತದೆ ಮತ ಕೇಳಲು ಬರುವ ಧೈರ್ಯ ಯಾವ ಅಭ್ಯರ್ಥಿಗಿದೆ? ಆದಕಾರಣ ಹೆಸರೊಂದರಿಂದಲೇ ಬಲ ಬರುವುದೆಂದು ಹೇಳಲಾಗದು.

ಸಂಸ್ಕೃತದಲ್ಲಿ ‘ಕ್ಷೇತ್ರ’ವೆಂದರೆ ಹೊಲ, ಪುಣ್ಯಸ್ಥಳವೂ ಹೌದು, ದೇಹವೂ ಹೌದು. ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ದೇಹವನ್ನು ಕ್ಷೇತ್ರವೆಂದೂ, ಅದನ್ನು ಅರಿತವನನ್ನು ಕ್ಷೇತ್ರಜ್ಞನೆಂದೂ ಕರೆದಿದೆ. ಚುನಾವಣೆಗೂ ಇದು ಸಲ್ಲುತ್ತದೆ. ಕ್ಷೇತ್ರಕ್ಕೆ ಹುಟ್ಟುಸಾವುಗಳುಂಟು, ಅದನ್ನು ಅರಿತ ಮತದಾರನಲ್ಲಿಯೇ ಅದರ ಜೀವವಿರುವುದು. ಅರಿಯದವನಿಗೆ ಕ್ಷೇತ್ರವಿದ್ದರೂ ಇಲ್ಲದಂತೆಯೇ.

ಈ ಅರಿವಿಗೆ ಪರೀಕ್ಷೆಯ ಕಾಲವೂ ಬರಲಿದೆ. ಸಂವಿಧಾನದ 84ನೆಯ ತಿದ್ದುಪಡಿಯು ರಾಜ್ಯಗಳ ಸ್ಥಾನಸಂಖ್ಯೆಯನ್ನು 2026ರ ಅನಂತರದ ಮೊದಲ ಜನಗಣತಿಯವರೆಗೆ ಸ್ಥಿರಪಡಿಸಿತು. ಮುಂದೆ ಎಲ್ಲೆಗಳನ್ನು ಬರೆಯುವಾಗ ಯಾವ ಹೋಬಳಿ ಎತ್ತ ಹೋಗುವುದೋ ಬಲ್ಲವರಾರು? ಹಿಂದಿನ ವಿಂಗಡಣಾ ಆಯೋಗಗಳು ಕರಡನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಆಹ್ವಾನಿಸಿ, ಸಾರ್ವಜನಿಕ ಸಭೆಗಳನ್ನು ನಡೆಸುತ್ತಿದ್ದುವು. ಅಂತಿಮ ಆಜ್ಞೆಯು ಹೊರಬಿದ್ದ ಮೇಲೆ ಅದನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿರಲಿಲ್ಲ. ಆದುದರಿಂದ ಮಾತನಾಡತಕ್ಕದ್ದು ಕರಡಿನ ಕಾಲದಲ್ಲಿ. ಆಮೇಲಿನ ಕೊರಗು ಅಟ್ಟದ ಮೇಲೆ ಕೊಳೆತ ಕಾಯಿಯಂತೆ, ಕೈಗೆ ಹತ್ತುವುದಲ್ಲ.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮನೆಯ ಹೊಲದ ಎಲ್ಲೆಕಲ್ಲು ಒಂದು ಮೊಳ ಸರಿದರೆ ನಾವು ಶಾನುಭೋಗರಿದ್ದ ಕಾಲದ ಕಾಗದಗಳನ್ನೆಲ್ಲ ಹುಡುಕಿ ತೆಗೆಯುತ್ತೇವೆ. ಮತಕ್ಷೇತ್ರದ ಎಲ್ಲೆಯ ವಿಷಯದಲ್ಲಿಯೂ ಅಷ್ಟೇ ಜಾಗರೂಕತೆಯಿರಲಿ. ಮಕ್ಕಳಿಗೆ ಆಸ್ತಿಯ ಚಕ್ಕುಬಂದಿಯನ್ನು ಹೇಳಿಕೊಡುವಾಗ ಇದನ್ನೂ ಹೇಳಿಕೊಡುವುದು ಒಳ್ಳೆಯದು.