ಮಾಲಗಾಂವದ ಒಣ ಬಿಸಿಲು

ಅಥಣಿ, ರಾಯಬಾಗ, ಕಾಗವಾಡ ಕಡೆಯ ನಮ್ಮ ಜನರಿಗೆ ಮಿರಜ ಎಂದರೆ ದವಾಖಾನೆ. ಸಂಗೀತ ಬಲ್ಲವರಿಗೆ ಸಿತಾರ್, ತಂಬೂರಿ ತಯಾರಿಸುವ ಊರು. ಹೀಗೆ ಕಾಯಿಲೆಗೋ ಸಂಗೀತಕ್ಕೋ ಮಿರಜಕ್ಕೆ ಹೋದವರು ಅಲ್ಲಿಂದ ಏಳೆಂಟು ಕಿಲೋಮೀಟರ್ ಮುಂದೆ ಹೋಗಿ ಮಾಲಗಾಂವವನ್ನು ನೋಡಿ ಬರುವುದು ಕಡಿಮೆ. ತಪಸ್ಸು ಕಾಲ ಆರಂಭವಾಗುವುದಕ್ಕೆ ಮುಂಚೆ ನನಗೆ ಎರಡು ದಿನ ಬಿಡುವು ಸಿಕ್ಕಿತ್ತು. ಪರಿಚಯದ ರೈತ ಕುಟುಂಬವೊಂದು ಬಹಳ ದಿನಗಳಿಂದ ಕರೆಯುತ್ತಿತ್ತು, ಹೊರಟೆ.

ಫೆಬ್ರವರಿಯ ಮಧ್ಯಭಾಗ. ಬೆಳಿಗ್ಗೆ ಶಾಲು ಬೇಕು, ಹತ್ತು ಗಂಟೆಗೆ ಅದನ್ನು ಎಲ್ಲಿಟ್ಟೆವೆಂಬುದೇ ಮರೆತುಹೋಗುತ್ತದೆ. ಮಾವು ಹೂ ಬಿಟ್ಟಿತ್ತು, ಬೇವು ಎಲೆ ಉದುರಿಸುತ್ತಿತ್ತು. ಹತ್ತಿರದ ದಂಡೋಬಾ ಗುಡ್ಡದ ಹುಲ್ಲೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಗುಡ್ಡದ ಕೆಳಗೆ ಮಾತ್ರ ಹಸಿರು: ದ್ರಾಕ್ಷಿ, ಕಬ್ಬು, ವೀಳ್ಯದೆಲೆಯ ತೋಟಗಳು. ಮಿರಜ ತಾಲೂಕಿನ ಪೂರ್ವ ಭಾಗ ಮಳೆ ಕಡಿಮೆ ಇರುವ ಸೀಮೆ. ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಪಂಪುಗಳಿಂದ ಮೇಲೆತ್ತಿ ಈ ಕಡೆಗೆ ಹರಿಸುವ ಯೋಜನೆ ಬಂದ ಮೇಲೆ ಇಲ್ಲಿಯ ಬದುಕು ಬದಲಾಗಿದೆ.

ವೀಳ್ಯದೆಲೆ ತೋಟಕ್ಕೆ ಹೋಗುವಾಗ ಮನೆಯ ಯಜಮಾನರು ಚಪ್ಪಲಿ ಹೊರಗೆ ಬಿಟ್ಟರು. ಅವರನ್ನು ನೋಡಿ ನಾನೂ ಬಿಟ್ಟೆ. ಒಳಗೆ ದೇವಾಲಯದಂತೆಯೇ ತಂಪು, ಮಬ್ಬುಬೆಳಕು. ಬಳ್ಳಿಗಳು ತೆಳ್ಳನೆಯ ಮರಗಳನ್ನು ತಬ್ಬಿಕೊಂಡು ಸಾಲಾಗಿ ನಿಂತಿದ್ದವು. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. (ನಮ್ಮ ಕೆಲವು ದೇವಾಲಯಗಳಲ್ಲಿ ಪೂಜೆಯ ಹೊತ್ತಿನಲ್ಲೂ ಇಷ್ಟು ಮೌನ ಸಿಗುವುದಿಲ್ಲ!)

ಈ ದಿನಗಳಲ್ಲಿ ಮನೆಯಲ್ಲಿ ಸುಮ್ಮನೆ ಕೂರುವವರು ಯಾರೂ ಇಲ್ಲ. ಒಂದು ಕಡೆ ಅರಿಸಿನ ಅಗೆದು, ಬೇಯಿಸಿ, ಕಣದಲ್ಲಿ ಹರವಿದ್ದರು. ಅದು ಒಣಗಲು ಹತ್ತು ಹದಿನೈದು ದಿನ ಬೇಕು. ಇದು ಬಹಳ ಹಿಂದಿನಿಂದ ಹೆಸರಾದ ಸಾಂಗಲಿ ಅರಿಸಿನ. 2018ರಲ್ಲಿ ಇದಕ್ಕೆ ಜಿ.ಐ. ಮಾನ್ಯತೆಯೂ ದೊರೆಯಿತು. ಇನ್ನೊಂದು ಕಡೆ ದ್ರಾಕ್ಷಿಯ ಶೆಡ್ಡು. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಹಣ್ಣಿನ ಮೇಲಿನ ಮೇಣ ಕರಗಿ ಒಳಗಿನ ತೇವ ಹೊರಗೆ ಬರಲು ದಾರಿಯಾಗುತ್ತದೆ. ಆಮೇಲೆ ಮೇಲೆ ಚಾವಣಿ ಇದ್ದು ಪಕ್ಕ ತೆರೆದಿರುವ ಶೆಡ್ಡಿನಲ್ಲಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಎರಡು ವಾರ ಒಣಗಾಳಿ ಬೀಸಿದರೆ ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಸೊಸೆಯಂದಿರು, ನೆರೆಮನೆಯ ಹೆಂಗಸರು ಕುಳಿತು ಕಸಕಡ್ಡಿ ಆರಿಸುತ್ತಿದ್ದರು. ಪುಣೆಯಲ್ಲಿ ನೌಕರಿ ಮಾಡುವ ಕಿರಿಯ ಮಗ ಈ ಸುಗ್ಗಿ ಮುಗಿಯುವ ತನಕ ಪ್ರತಿ ಶನಿವಾರ ಊರಿಗೆ ಬರುತ್ತಾನಂತೆ.

ಸಂಜೆ ಹೊಲದ ಬದುವಿನಲ್ಲಿ ಕುಳ್ಳಿನ ಬೆಂಕಿ ಹಾಕಿ ಸೀತನಿ ಸುಟ್ಟರು. ಎಳೆಯ ಜೋಳದ ತೆನೆಯನ್ನು ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಊದಿ, ಬೆಲ್ಲ ಮತ್ತು ಶೇಂಗಾ ಚಟ್ನಿಯ ಜೊತೆ ತಿನ್ನಬೇಕು. ನನ್ನ ಅಂಗೈ ಸುಟ್ಟಿದ್ದನ್ನು ನೋಡಿ ಮಕ್ಕಳು ಮನಸಾರೆ ನಕ್ಕರು. ಅವರು ಇದಕ್ಕೆ ಹುರಡಾ ಎನ್ನುತ್ತಾರೆ. ಅಜ್ಜಿಯ ತವರು ಅಥಣಿ ಕಡೆ, ಅವರಿಗೆ ಅದು ಸೀತನಿಯೇ. ಅಜ್ಜಿ ಕನ್ನಡದಲ್ಲಿ ಗದರಿದರೆ ಮೊಮ್ಮಗ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಜಗಳಕ್ಕೆ ಇದರಿಂದ ಯಾವ ಅಡ್ಡಿಯೂ ಆಗುವುದಿಲ್ಲ.

"ಎಂಥಾ ಹಿತವಾದ ಹವೆ!" ಎಂದು ನಾನು ಅಂದೆ. ಅಜ್ಜಿ ತಕ್ಷಣ, "ಹಂಗಾದ್ರ ಫಾದರ್, ಇನ್ನ ಹದಿನೈದ ದಿನಾ ಮಳಿ ಬರಬಾರ್ದು ಅಂತ ಪ್ರಾರ್ಥನಾ ಮಾಡ್ರಿ" ಅಂದರು. ಗುರುವಾದಂದಿನಿಂದ ಮಳೆಗಾಗಿ ಎಷ್ಟು ಸಲ ಪ್ರಾರ್ಥಿಸಿದ್ದೇನೋ ಲೆಕ್ಕವಿಲ್ಲ. ಮಳೆ ಬೇಡವೆಂದು ಕೇಳಿಕೊಂಡವರು ಇವರೇ ಮೊದಲು!

ಅವರ ಅಂಜಿಕೆಗೆ ಕಾರಣವಿದೆ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಮಹಾರಾಷ್ಟ್ರದ ಅನೇಕ ಜಿಲ್ಲೆಗಳಲ್ಲಿ, ನಮ್ಮ ಉತ್ತರ ಕರ್ನಾಟಕದಲ್ಲಿ ಆಲಿಕಲ್ಲು ಮಳೆ ಸುರಿದು ದ್ರಾಕ್ಷಿ, ಗೋಧಿ, ಜೋಳ ನೆಲಕಚ್ಚಿದ್ದವು. ಅಷ್ಟು ದೊಡ್ಡ ಮಳೆಯೇ ಆಗಬೇಕೆಂದಿಲ್ಲ. ಎರಡು ದಿನ ಮೋಡ ಕವಿದು ಗಾಳಿ ತೇವವಾದರೂ ಬಲೆಯ ಮೇಲಿನ ಹಣ್ಣು ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ, ದರ ಬೀಳುತ್ತದೆ. ಅಕ್ಟೋಬರದಲ್ಲಿ ಬಳ್ಳಿ ಕತ್ತರಿಸಿದಾಗಿನಿಂದ ಹಾಕಿದ ದುಡ್ಡು, ಸೊಸೈಟಿಯ ಸಾಲ, ಮಕ್ಕಳ ಫೀಜು ಎಲ್ಲವೂ ಆ ಬಲೆಗಳ ಮೇಲೆಯೇ ಹರವಿರುತ್ತದೆ. ನಾನು ಆನಂದಿಸಲು ಬಂದಿದ್ದ ಒಣ ಬಿಸಿಲು ಅವರ ಪಾಲಿಗೆ ವರ್ಷದ ಅನ್ನ.

ರಾತ್ರಿ ಅಂಗಳದಲ್ಲಿ ಹೊರಸು ಹಾಕಿ ಮಲಗಿದ್ದೆವು. ಯಜಮಾನರು ಎರಡು ಸಲ ಎದ್ದು ಪಶ್ಚಿಮದ ಕಡೆ ನೋಡಿ ಬಂದರು. ಪುಣೆಯ ಮಗ ಫೋನ್ ಮಾಡಿದವನು ಊಟ ಆಯಿತೇ ಎಂದು ಕೇಳುವುದಕ್ಕೂ ಮುಂಚೆ ಮೋಡ ಇದೆಯೇ ಎಂದು ಕೇಳಿದ. ಇರಲಿಲ್ಲ. ಆಕಾಶದ ತುಂಬ ನಕ್ಷತ್ರ.

ಮರುದಿನ ಹೊರಡುವಾಗ ಅಜ್ಜಿ ಒಂದು ಪೊಟ್ಟಣ ಕೈಗಿಟ್ಟರು. "ಇವು ಹ್ವಾದ ವರ್ಷದ್ವು. ಈ ವರ್ಷದ್ವು ಇನ್ನೂ ಒಣಗಿಲ್ರೀ, ಈಗ ಕೈ ಹಚ್ಚೂದಿಲ್ಲ" ಅಂದರು.